ಮಕ್ಕಳ ಕತೆ ಓದುವಾಗ ಅಮ್ಮನಿಗೂ ಖುಷಿಯಾಗಬೇಕು

ಪ್ರಶ್ನೆ: ನಾನು ತುಮಕೂರಿನವಳು. ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಸಂಜೆ ಮನೆ ಸೇರುವಾಗ ಏಳೂವರೆ ದಾಟಿರುತ್ತದೆ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಇಬ್ಬರೂ ಇಂಗ್ಲಿಷ್ ಮೀಡಿಯಂ. ಮಲಗುವ ಮುಂಚೆ ಮಕ್ಕಳಿಗೆ ಓದಿ ಹೇಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಓದುತ್ತೇನೆ. ಆದರೆ ಮಗ ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಓದಿಸುತ್ತಾನೆ, ಎರಡನೇ ಪುಟಕ್ಕೇ ನನಗೆ ತೂಕಡಿಕೆ. ನಿಜ ಹೇಳಬೇಕೆಂದರೆ ಬೇಜಾರು. ಮಗಳು ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾಳೆ, ಹಾಗಾಗಿ ಕನ್ನಡ ಪುಸ್ತಕ ಮುಟ್ಟುವುದೇ ಇಲ್ಲ. ಕೆಲವು ದಿನ ಫೋನಿನಲ್ಲಿ ಆಡಿಯೊ ಕತೆ ಹಾಕಿ ನಾನು ಅಡುಗೆಗೆ ನಿಲ್ಲುತ್ತೇನೆ. ಆಮೇಲೆ ಜವಾಬ್ದಾರಿ ತಪ್ಪಿಸಿಕೊಂಡೆನೇನೋ ಅನಿಸುತ್ತದೆ. ನಮ್ಮನೆಯವರು ‘ನನಗೆ ಭಾವ ತುಂಬಿ ಓದೋಕೆ ಬರಲ್ಲ’ ಎಂದು ಪುಸ್ತಕ ನನ್ನ ಕೈಗೇ ಕೊಡುತ್ತಾರೆ. ಅತ್ತೆ ನಮ್ಮ ಜೊತೆಗಿದ್ದಾರೆ. ಆಡಿಯೊ ಕೇಳಿಸುವುದು ಓದಿ ಹೇಳಿದ್ದಕ್ಕೆ ಸಮವೇ? ಇದರಲ್ಲಿ ನನಗೂ ಖುಷಿ ಸಿಗುವ ದಾರಿ ಇದೆಯೇ ಮೇಡಂ?
– ಒಬ್ಬ ತಾಯಿ, ತುಮಕೂರು

ಉತ್ತರ: ಆಡಿಯೊ ಹಾಕಿ ಚಪಾತಿ ಲಟ್ಟಿಸಿದ ದಿನ ನೀವು ಯಾವ ಜವಾಬ್ದಾರಿಯನ್ನೂ ತಪ್ಪಿಸಿಕೊಂಡಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ದಣಿವಿಗಿಂತ ಆ ಅಳುಕೇ ಹೆಚ್ಚು ಕಂಡಿತು. ನಾನು ಕೆಲಸ ಮಾಡುವ ಮಕ್ಕಳ ಗ್ರಂಥಾಲಯಕ್ಕೆ ಬರುವ ಅಮ್ಮಂದಿರು, ಈಚೆಗೆ ಕೆಲವು ಅಪ್ಪಂದಿರೂ, ಆಡಿಯೊ ವಿಚಾರವನ್ನು ದನಿ ತಗ್ಗಿಸಿಯೇ ಕೇಳುತ್ತಾರೆ. ನಿಮ್ಮ ಕೊನೆಯ ಪ್ರಶ್ನೆ ಮಾತ್ರ ಅಪರೂಪದ್ದು. ಮಕ್ಕಳಿಗೆ ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ, ನನಗೂ ಖುಷಿ ಸಿಗುತ್ತದೆಯೇ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ. ಓದಿ ಹೇಳುವವರಿಗೆ ರುಚಿಸದಿದ್ದರೆ ಆ ಅಭ್ಯಾಸ ಮನೆಯಲ್ಲಿ ಬಹಳ ದಿನ ಬಾಳುವುದಿಲ್ಲ. ಹಟಕ್ಕೆ ಒಂದು ತಿಂಗಳು ನಡೆಸಬಹುದು. ಆಮೇಲೆ ಒಂದು ಜ್ವರ ಬಂದರೆ, ಮನೆಗೆ ನೆಂಟರು ಬಂದರೆ, ಆಡಿಟ್ ಶುರುವಾದರೆ ನಿಂತುಹೋಗುತ್ತದೆ.

ಮೊದಲು ಆಡಿಯೊ. 1986ರಲ್ಲಿ ಫಿಲಿಪ್ ಗಫ್, ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದನ್ನು ಎರಡು ಭಾಗವಾಗಿ ಬಿಡಿಸಿ ತೋರಿಸಿದರು. ಅಕ್ಷರಗಳನ್ನು ಗುರುತಿಸಿ ಪದವಾಗಿ ಕೂಡಿಸುವುದು ಒಂದು. ಕಿವಿಗೆ ಬಿದ್ದ ಮಾತನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಇವೆರಡನ್ನೂ ಗುಣಿಸಿದರೆ ಬರುವುದೇ ಓದು ಎಂಬುದು ಅವರ ವಾದ. ಗುಣಿಸುವುದು ಎಂದಮೇಲೆ, ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ. ಶಾಲೆಗಳು ಮೊದಲನೆಯದರ ಬೆನ್ನು ಹತ್ತಿರುತ್ತವೆ. ಎರಡನೆಯದು ಬೆಳೆಯುವುದು ಕೇಳಿ ಕೇಳಿಯೇ: ಮನೆಯ ಮಾತಿನಿಂದ, ಕತೆಯಿಂದ, ಹಾಡಿನಿಂದ. ನೀವು ಆಡಿಯೊ ಕತೆ ಹಾಕಿದಾಗ ಬೆಳೆಯುತ್ತಿರುವುದು ಈ ಎರಡನೆಯ ಅರ್ಧ.

ಕನ್ನಡದಲ್ಲಿ ಈ ಅರ್ಧದ ತೂಕ ಇನ್ನೂ ಹೆಚ್ಚು. ವರ್ಣಮಾಲೆಯಲ್ಲಿ 49 ಅಕ್ಷರ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಗು ಪುಟದ ಮೇಲೆ ನೋಡುವುದು ಬರೀ 49 ಅಲ್ಲ. ಕಾಗುಣಿತ ಸೇರಿದರೆ 400 ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದಿನ ಬಗ್ಗೆ ಬಹುಕಾಲ ಕೆಲಸ ಮಾಡಿರುವ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಕನ್ನಡದ ಅಕ್ಷರಗಳು ಕೈವಶವಾಗಲು ಒಂದೆರಡು ವರ್ಷ ಸಾಲದು, ನಾಲ್ಕನೇ ತರಗತಿಯವರೆಗೂ ಕಲಿಕೆ ನಡೆದೇ ಇರುತ್ತದೆ. ಇದು ಮಕ್ಕಳ ದಡ್ಡತನವಲ್ಲ, ಲಿಪಿಯ ಸ್ವಭಾವ. ನಿಮ್ಮ ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಕನ್ನಡಕ್ಕೆ ಸಿಗುವುದು ದಿನಕ್ಕೊಂದು ಪಿರಿಯಡ್ ಇರಬಹುದು. ಅವಳು ಕೂಡಿಸಿ ಓದುತ್ತಿದ್ದರೆ ಅದರಲ್ಲಿ ಆತಂಕಪಡುವುದು ಏನೂ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಎಂಟು ವರ್ಷದ ಹುಡುಗಿಯ ಬುದ್ಧಿಗೆ ಬೇಕಾದದ್ದು ಕಾಡು, ಕಳ್ಳತನ, ಕಾಣೆಯಾದ ನಾಯಿ, ಜಗಳವಾಡಿ ಮಾತು ಬಿಟ್ಟ ಗೆಳತಿಯರು. ಅವಳು ಕನ್ನಡದಲ್ಲಿ ತಾನೇ ಓದಬಲ್ಲದ್ದು ಮಾತ್ರ ಕಮಲ, ಬಸವನ ಮಟ್ಟದ ವಾಕ್ಯ. ಹೀಗಾಗಿ ಕನ್ನಡ ಪುಸ್ತಕ ಎಂದರೆ ಚಿಕ್ಕ ಮಕ್ಕಳದ್ದು, ಇಂಗ್ಲಿಷ್ ಪುಸ್ತಕ ಎಂದರೆ ದೊಡ್ಡವರದ್ದು ಎಂಬ ಲೆಕ್ಕ ಅವಳ ತಲೆಯಲ್ಲಿ ಕೂರುತ್ತದೆ. ಆ ಲೆಕ್ಕವನ್ನು ಮುರಿಯಲು ನನಗೆ ಗೊತ್ತಿರುವ ಗಟ್ಟಿಯಾದ ಉಪಾಯ ಒಂದೇ: ಅವಳ ಕಣ್ಣಿಗೆ ಇನ್ನೂ ಎಟುಕದ ಕನ್ನಡವನ್ನು ಕಿವಿಗೆ ಕೊಡುವುದು. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಅವಳು ತಾನಾಗಿ ಓದಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ನೀವು ಆಯ್ದು ಓದಿದರೆ ಇವತ್ತೇ ನಗುತ್ತಾಳೆ. ಕಿವಿ ಎಂಬ ಹೆಸರಿನ ನಾಯಿಯ ಪ್ರಸಂಗಗಳಿಂದ ಶುರುಮಾಡಿ. ಬೇಟೆಯ ಭಾಗಗಳು ಬೇಡವೆನಿಸಿದರೆ ದಾಟಿಸಿ, ಬಿಡಿ ಬಿಡಿ ಪ್ರಸಂಗಗಳಾದ್ದರಿಂದ ಏನೂ ಕೆಡುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಮನೆಯಲ್ಲಿ ನಾವು ‘ಹೋಗ್ತಾನೆ, ಬರ್ತಾಳೆ’ ಎನ್ನುತ್ತೇವೆ, ಪುಸ್ತಕದಲ್ಲಿ ‘ಹೋಗುತ್ತಾನೆ, ಬರುತ್ತಾಳೆ’ ಇರುತ್ತದೆ. ಓದಿ ಕೇಳಿಸಿಕೊಂಡ ಮಗುವಿಗೆ ಪುಸ್ತಕದ ಕನ್ನಡ ಪರಕೀಯವಾಗಿ ಉಳಿಯುವುದಿಲ್ಲ. ಹಾಗಾದರೆ ಇದ್ದದ್ದು ಇದ್ದಂತೆಯೇ ಓದಬೇಕೇ, ಮನೆಮಾತಿಗೆ ತಿರುಗಿಸಿಕೊಳ್ಳಬೇಕೇ ಎಂದು ಬಹಳ ಜನ ಕೇಳುತ್ತಾರೆ. ಚಿಕ್ಕವನಿಗೆ ಮೊದಲ ಸಲ ಮನೆಮಾತಿನಲ್ಲೇ ಹೇಳಿ, ಕತೆ ಪರಿಚಯವಾದ ಮೇಲೆ ಅಚ್ಚಿನಲ್ಲಿದ್ದಂತೆ ಓದಿ. ದೊಡ್ಡವಳಿಗೆ ನೇರವಾಗಿ ಪುಸ್ತಕದ ಭಾಷೆಯೇ ಇರಲಿ. ಧಾರವಾಡದ ಕಡೆಯ ಮಾತಿನಲ್ಲಿ ಬರೆದ ಕತೆ ಸಿಕ್ಕರೆ ಬಿಡಬೇಡಿ. ತುಮಕೂರಿನ ಮಕ್ಕಳು ಆ ಮಾತಿಗೆ ಮೊದಲು ನಗುತ್ತಾರೆ, ನಾಲ್ಕು ದಿನದಲ್ಲಿ ತಾವೇ ಆಡುತ್ತಾರೆ.

ಇಷ್ಟು ಹೇಳಿದ ಮೇಲೆ, ಆಡಿಯೊ ಮಾಡಲಾಗದ ಕೆಲಸವನ್ನೂ ಹೇಳಬೇಕು. ನಿಮ್ಮ ಎಂಟು ವರ್ಷದವಳಿಗೆ ಒಳ್ಳೆಯ ಆಡಿಯೊ ಪುಸ್ತಕ ನಿಮ್ಮ ಓದಿಗೆ ಬಹುಪಾಲು ಸಮ. ನಾಲ್ಕು ವರ್ಷದವನಿಗೆ ಅಲ್ಲ. ಅವನಿಗೆ ಬೇಕಾದದ್ದು ಚಿತ್ರದ ಮೇಲೆ ಓಡುವ ನಿಮ್ಮ ಬೆರಳು, ‘ಇದ್ಯಾಕೆ ಹೀಗೆ’ ಎಂದಾಗ ನಿಲ್ಲುವ ದನಿ, ಹುಲಿ ಬಂದಾಗ ಹತ್ತಿರ ಸರಿದು ಕೂರಲು ಒಂದು ಮಡಿಲು. ಧ್ವನಿಮುದ್ರಿಕೆ ಅವನಿಗಾಗಿ ನಿಲ್ಲುವುದಿಲ್ಲ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ತಂದೆತಾಯಿಗಳಿಗೆ ಚಿತ್ರಪುಸ್ತಕ ಓದುವಾಗ ಮಗುವನ್ನು ಹೆಚ್ಚು ಮಾತಾಡಿಸುವ ಕ್ರಮ ಕಲಿಸಿದರು: ಹೌದು–ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳುವುದು, ಮಗು ಹೇಳಿದ್ದಕ್ಕೆ ಒಂದು ಎಳೆ ಸೇರಿಸುವುದು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಇತರರಿಗಿಂತ ಮುಂದೆ ಹೋಗಿತ್ತು. ಆದ್ದರಿಂದ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಿ: ಮಗಳಿಗೆ ಆಡಿಯೊ ಧಾರಾಳವಾಗಿ, ಮಗನಿಗೆ ಆಡಿಯೊ ಜೊತೆಗೆ ದಿನದಲ್ಲಿ ಒಂದು ಚಿಕ್ಕ ಪುಸ್ತಕ, ಯಾರಾದರೂ ಒಬ್ಬರ ಮಡಿಲಲ್ಲಿ. ಆ ಒಬ್ಬರು ಯಾವಾಗಲೂ ನೀವೇ ಆಗಬೇಕಿಲ್ಲ.

ಪ್ರಶ್ನೆ ಕೇಳುವುದು ಎಂದೆ, ಅದಕ್ಕೊಂದು ಎಚ್ಚರಿಕೆ ಸೇರಿಸಬೇಕು. ‘ಈ ಕತೆಯ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ಕತೆ ಮುಗಿದ ಕೂಡಲೇ ಪರೀಕ್ಷೆ ಶುರುವಾದರೆ ಮಗು ಕತೆಯೊಳಗಿಂದ ಎದ್ದು ಹೊರಗೆ ಬಂದುಬಿಡುತ್ತದೆ. ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿ: ‘ಆ ಆನೆಗೆ ಈಗ ಏನನ್ನಿಸಿರಬಹುದು?’ ‘ನೀನಾಗಿದ್ದರೆ ಬಾಗಿಲು ತೆಗೀತಿದ್ಯಾ?’ ಒಂದು ಕತೆಗೆ ಒಂದು ಪ್ರಶ್ನೆ ಸಾಕು. ಏನೂ ಕೇಳದ ರಾತ್ರಿಗಳೂ ಇರಲಿ.

ಈಗ ನಿಮ್ಮ ಬೇಜಾರಿನ ವಿಷಯ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸುವ ಮಗ ನಿಮ್ಮನ್ನು ಗೋಳು ಹೊಯ್ದುಕೊಳ್ಳುತ್ತಿಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಜೆಸಿಕಾ ಹಾರ್ಸ್ಟ್ ಮತ್ತು ಸಹೋದ್ಯೋಗಿಗಳು ಮೂರು ವರ್ಷದ ಮಕ್ಕಳೊಂದಿಗೆ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೆಲವು ಮಕ್ಕಳಿಗೆ ಅದೇ ಕತೆಯನ್ನು ಮತ್ತೆ ಮತ್ತೆ ಓದಿದರು, ಕೆಲವರಿಗೆ ಅದೇ ಹೊಸ ಪದಗಳಿರುವ ಬೇರೆ ಬೇರೆ ಕತೆಗಳನ್ನು. ಹೊಸ ಪದಗಳನ್ನು ಚೆನ್ನಾಗಿ ಕಲಿತವರು ಒಂದೇ ಕತೆ ಕೇಳಿದ ಮಕ್ಕಳು. ಮೊದಲ ಸಲ ಮಗುವಿನ ಗಮನವೆಲ್ಲ ಮುಂದೇನಾಗುತ್ತದೆ ಎಂಬುದರಲ್ಲಿರುತ್ತದೆ. ಕತೆ ಗೊತ್ತಾದ ಮೇಲೇ ಪದಕ್ಕೆ, ಚಿತ್ರದ ಮೂಲೆಯಲ್ಲಿರುವ ಬೆಕ್ಕಿಗೆ, ವಾಕ್ಯದ ಲಯಕ್ಕೆ ಗಮನ ಹರಿಯುವುದು.

ಮಗನಿಗೆ ಅದು ಒಳ್ಳೆಯದು, ಸರಿ, ನಿಮಗೆ? ಇಲ್ಲಿ ನಾನು ಸ್ವಲ್ಪ ನಿಷ್ಠುರವಾಗಿ ಮಾತಾಡುತ್ತೇನೆ. ನಿಮಗೆ ಬೇಜಾರಾಗುತ್ತಿರುವುದಕ್ಕೆ ಅರ್ಧ ಕಾರಣ ದಣಿವು, ಇನ್ನರ್ಧ ಆ ಪುಸ್ತಕವೇ ಇರಬಹುದು. ನಮ್ಮಲ್ಲಿ ಮಕ್ಕಳಿಗೆಂದು ಅಚ್ಚಾಗುವ ಪುಸ್ತಕಗಳಲ್ಲಿ ಬಹಳಷ್ಟು ಕಳಪೆ. ಎಲ್ಲಿಂದಲೋ ಎತ್ತಿಕೊಂಡ ಚಿತ್ರ, ಉಸಿರಿಲ್ಲದ ವಾಕ್ಯ, ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ನೀತಿ. ಬೆಳೆದವರಿಗೆ ಬೇಸರ ತರಿಸುವ ಇಂಥ ಪುಸ್ತಕ ಮಕ್ಕಳಿಗೆ ಹೇಗೋ ಒಗ್ಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ. ಅಂಗಡಿಯಲ್ಲಿ ನಿಂತು ಎರಡು ಪುಟ ಪಿಸುದನಿಯಲ್ಲಾದರೂ ಬಾಯಿಬಿಟ್ಟು ಓದಿ ನೋಡಿ. ನಾಲಿಗೆಗೆ ಹಿತವಾಗದಿದ್ದರೆ, ಮೂರನೆಯ ಪುಟ ತಿರುಗಿಸಬೇಕೆಂದು ನಿಮಗೇ ಅನಿಸದಿದ್ದರೆ, ಎಷ್ಟೇ ಬಣ್ಣ ಇರಲಿ, ಅಲ್ಲೇ ಇಟ್ಟುಬಿಡಿ.

ನೂರು ಸಲ ಓದಿದರೂ ಸವೆಯದ ಬರಹ ಕನ್ನಡದಲ್ಲಿ ಇದೆ, ಮತ್ತು ಅದರ ಬಹುಭಾಗ ಪದ್ಯ. ಪಂಜೆ ಮಂಗೇಶರಾಯರು (1874–1937), ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ ಇವರೆಲ್ಲ ಮಕ್ಕಳಿಗೆ ಬರೆದದ್ದು ಬಾಯಿಗೆ ಮತ್ತು ಕಿವಿಗೆ. ಪಂಜೆಯವರು ಶಾಲೆಯ ಮೇಷ್ಟರಾಗಿ, ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆಯೇ ಕೆಲಸ ಮಾಡಿದವರು; ಮಗುವಿನ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವರ ಪದ್ಯಗಳಲ್ಲಿ ಓದುವವರ ನಾಲಿಗೆಗೂ ಒಂದು ಆಟ ಇದೆ, ಅದು ಅರ್ಥ ತಿಳಿದ ಮಾತ್ರಕ್ಕೆ ಮುಗಿಯುವುದಿಲ್ಲ. ಬೊಳುವಾರು ಮಹಮ್ಮದ್ ಕುಂಞಿಯವರು ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಸಂಕಲನ ಸಿಕ್ಕರೆ ತಂದಿಟ್ಟುಕೊಳ್ಳಿ, ಹಲವು ಕವಿಗಳ ಮಕ್ಕಳ ಪದ್ಯ ಒಂದೇ ಕಡೆ ಸಿಗುತ್ತದೆ. ಒಂದು ಪದ್ಯಕ್ಕೆ ಒಂದು ನಿಮಿಷ ಸಾಕು. ಎರಡನೇ ಪುಟಕ್ಕೆ ತೂಕಡಿಕೆ ಬರುವವರಿಗೆ ಎರಡನೇ ಪುಟವೇ ಇಲ್ಲದ ಓದು ಇದು.

ದೊಡ್ಡದೇ ಬೇಕೆಂದರೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ ಬರೆದ ಹ್ಯಾಮೆಲಿನ್ ಊರಿನ ಇಲಿಗಳ ಕತೆಯನ್ನು ಕುವೆಂಪು ತುಂಗಾ ತೀರಕ್ಕೆ ತಂದು, ಪೂರಾ ನಮ್ಮದನ್ನಾಗಿ ಮಾಡಿದ್ದಾರೆ. ಇಲಿಗಳ ದಂಡು ಹೊರಡುವ ಭಾಗವನ್ನು ಮೆಲ್ಲಗೆ ಶುರುಮಾಡಿ ವೇಗ ಏರಿಸುತ್ತ ಓದಿ. ನಿಮ್ಮ ನಿದ್ದೆ ಹಾರಿಹೋಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮೂರು ರಾತ್ರಿಗೆ ಹಂಚಿಕೊಳ್ಳಿ. ಕೊನೆಯಲ್ಲಿ ಮಕ್ಕಳು ಜೋಗಿಯ ಹಿಂದೆ ಹೋಗಿಬಿಡುವ ಭಾಗ ಇದೆ. ನಿಮ್ಮ ಮಗ ಹೆದರುವ ಸ್ವಭಾವದವನಾದರೆ ಅದನ್ನು ಹಗಲಿಗೆ ಇಟ್ಟುಕೊಳ್ಳಿ.

ಗದ್ಯಕ್ಕೆ ಬಂದರೆ, ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ನಿಮ್ಮಂಥ ಮನೆಗಳಿಗೆ ಹೇಳಿಮಾಡಿಸಿದ್ದು. ವರ್ಷದ ಪ್ರತಿದಿನಕ್ಕೂ ಒಂದೊಂದು ಕತೆಯಂತೆ 12 ಸಂಪುಟ. ಬರೆದವರು ವೃತ್ತಿಯಿಂದ ವೈದ್ಯೆ, ಎರಡು ಮಕ್ಕಳ ತಾಯಿ; ಕೆಲಸ ಮಾಡುವ ಅಮ್ಮನ ರಾತ್ರಿ ಎಷ್ಟು ಗಿಡ್ಡ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಲ್ಲ ಕತೆಯೂ ಒಂದೇ ಮಟ್ಟದವಲ್ಲ, ಕೆಲವು ಹಳೆಯದೆನಿಸುತ್ತವೆ. ಅದರಿಂದ ತೊಂದರೆಯಿಲ್ಲ, ಇಷ್ಟವಾಗದ ದಿನ ಮುಂದಿನ ತಾರೀಖಿಗೆ ಹೋಗಿ. ಇವತ್ತು ಏನು ಓದಲಿ ಎಂದು ದಣಿದ ತಲೆ ಯೋಚಿಸಬೇಕಿಲ್ಲವಲ್ಲ, ನಿಮಗೆ ಅದೇ ದೊಡ್ಡ ಉಪಕಾರ.

ಚಿತ್ರಪುಸ್ತಕಗಳಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣವನ್ನು ನೋಡಿ. ಕನ್ನಡದಲ್ಲಿ ಬೇಕಾದಷ್ಟು ಕತೆಗಳಿವೆ, ಎಲ್ಲ ಉಚಿತ. ಓದಿನ ಕಷ್ಟದ ಪ್ರಕಾರ ನಾಲ್ಕು ಮಟ್ಟ ಮಾಡಿದ್ದಾರೆ, ಮೊದಲ ಮಟ್ಟದ್ದು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅನುವಾದಗಳಲ್ಲಿ ಒಳ್ಳೆಯದೂ ಇದೆ, ತಡವರಿಸುವಂಥದ್ದೂ ಇದೆ, ಅಂಗಡಿಯ ಪರೀಕ್ಷೆಯನ್ನು ಇಲ್ಲಿಯೂ ಮಾಡಿ. ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸಿ ಹೊಲಿಸಿಟ್ಟರೆ ರಾತ್ರಿ ಫೋನಿನ ಬೆಳಕೂ ಬೇಡ. ಈ ಮೊದಲ ಮಟ್ಟದ ಪುಸ್ತಕಗಳನ್ನು ನಿಮ್ಮ ಮಗಳ ಕೈಗೆ ಕೊಟ್ಟು ತಮ್ಮನಿಗೆ ಓದಿ ಹೇಳಲು ಹೇಳಿ. ತನಗಾಗಿ ಓದು ಎಂದರೆ ‘ಚಿಕ್ಕವರ ಪುಸ್ತಕ’ ಎಂದು ಮೂಗು ಮುರಿಯುವವಳು ತಮ್ಮನಿಗೆ ಓದುವಾಗ ಟೀಚರ್ ಆಗಿಬಿಡುತ್ತಾಳೆ. ಅವನು ಅದನ್ನೇ ಹತ್ತು ಸಲ ಕೇಳುತ್ತಾನೆ, ಅವಳು ಹತ್ತು ಸಲ ಓದುತ್ತಾಳೆ, ಒತ್ತಕ್ಷರಗಳು ತಾವಾಗಿ ಕೂರುತ್ತವೆ. ಅಷ್ಟು ಹೊತ್ತು ನೀವು ಕಾಲು ಚಾಚಿ ಮಲಗಿರಬಹುದು.

ಸಮಯದ ಬಗ್ಗೆ. ಓದಿ ಹೇಳುವುದು ರಾತ್ರಿಯೇ ಆಗಬೇಕೆಂದು ಎಲ್ಲೂ ಬರೆದಿಲ್ಲ. ನಿಮ್ಮ ದಿನದಲ್ಲಿ ರಾತ್ರಿ ಒಂಬತ್ತು ಗಂಟೆ ಎಂದರೆ ಮೈಯಲ್ಲಿ ಏನೂ ಉಳಿಯದ ಹೊತ್ತು, ಅದೇ ಹೊತ್ತಿಗೆ ಇದನ್ನು ಇಟ್ಟುಕೊಂಡು ಬೈದುಕೊಳ್ಳುತ್ತೀರಿ. ಮಗಳಿಗೆ ಜಡೆ ಹಾಕುವಾಗ ಒಂದು ಪದ್ಯ ಬಾಯಿಪಾಠ ಹೇಳಬಹುದು, ಅವಳು ಮುಂದಿನ ಸಾಲು ಹೇಳಲಿ. ಶಾಲೆಯ ವ್ಯಾನ್ ಕಾಯುವ ಐದು ನಿಮಿಷ, ಭಾನುವಾರ ಎಣ್ಣೆ ಹಚ್ಚಿ ನೆನೆಯುವ ಅರ್ಧ ಗಂಟೆ ಎಲ್ಲವೂ ಕತೆಯ ಹೊತ್ತೇ. ವಾರಕ್ಕೆ ಮೂರು ದಿನ ಮನಸ್ಸಿಟ್ಟು ಓದಿದರೆ, ಏಳು ದಿನ ಗಡಿಯಾರ ನೋಡುತ್ತ ಓದುವುದಕ್ಕಿಂತ ಎಷ್ಟೋ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಕೊಟ್ಟ ಸಲಹೆಯಲ್ಲಿ, ಎರಡರಿಂದ ನಾಲ್ಕು ವರ್ಷದವರಿಗೆ ಪರದೆಯ ಮುಂದಿನ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದಿದೆ; ಮಗು ಕೂತಿರುವ ಹೊತ್ತಿನಲ್ಲಿ ಹಿರಿಯರು ಓದಿ ಹೇಳುವುದು, ಕತೆ ಹೇಳುವುದು ಒಳ್ಳೆಯದು ಎಂದೂ ಇದೆ. ಅಷ್ಟು ನಿಮಿಷ ಓದಲೇಬೇಕು, ಇಷ್ಟು ಗಂಟೆಗೇ ಓದಬೇಕು ಎಂಬ ಶಿಕ್ಷೆ ಅದರಲ್ಲಿ ಇಲ್ಲ.

ಆಡಿಯೊ ಹಾಕುವಾಗ ಕೆಲವು ವಿವರಗಳು ಕೆಲಸಕ್ಕೆ ಬರುತ್ತವೆ. ಇಯರ್‌ಫೋನ್ ಬೇಡ, ಚಿಕ್ಕ ಸ್ಪೀಕರ್ ಇರಲಿ. ಎಲ್ಲರೂ ಒಟ್ಟಿಗೆ ಕೇಳಿದರೆ ನಡುವೆ ಮಾತಾಡಬಹುದು, ನೀವೂ ಒಲೆಯ ಮುಂದೆ ನಿಂತು ನಗಬಹುದು. ಕತೆಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ಮಗುಚಿ ಇಡಿ. ಪರದೆ ಕಣ್ಣಿಗೆ ಬಿದ್ದರೆ ಮಗ ಚಿತ್ರ ಕೇಳುತ್ತಾನೆ, ಅಲ್ಲಿಗೆ ಕತೆ ಮುಗಿಯಿತು. ಚಿಕ್ಕವನಿಗೆ ಹತ್ತು ಹದಿನೈದು ನಿಮಿಷ ಮೀರಬೇಡಿ. ಓದುವ ದನಿಯನ್ನು ನೀವೇ ಮೊದಲು ಐದು ನಿಮಿಷ ಕೇಳಿ. ಮಕ್ಕಳಿಗೆಂದು ವಿಪರೀತ ಮುದ್ದುದನಿ ಮಾಡಿಕೊಂಡು ಓದುವವರು, ಪ್ರತಿ ವಾಕ್ಯದ ಕೆಳಗೂ ಸಂಗೀತ ಸುರಿಯುವವರು ಬಹಳ ಇದ್ದಾರೆ. ಅಂಥದ್ದು ಬೇಡ. ಸ್ಪಷ್ಟವಾಗಿ, ಅವಸರವಿಲ್ಲದೆ, ತಾನು ಓದುತ್ತಿರುವುದನ್ನು ತಾನೂ ನಂಬಿ ಓದುವ ದನಿ ಹುಡುಕಿ. ಕನ್ನಡ ಆಡಿಯೊ ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಿವೆ, ಆಕಾಶವಾಣಿಯ ಮಕ್ಕಳ ಕಾರ್ಯಕ್ರಮಗಳೂ ಇವೆ. ಪುಸ್ತಕ ಮತ್ತು ಆಡಿಯೊ ಎರಡೂ ಸಿಗುವ ಕತೆಯಾದರೆ ಮಗಳು ಪುಸ್ತಕ ಹಿಡಿದು ಬೆರಳಿಟ್ಟುಕೊಂಡು ಕೇಳಲಿ. ಕೂಡಿಸಿ ಓದುವ ಮಕ್ಕಳಿಗೆ ಇದಕ್ಕಿಂತ ಸುಲಭದ ಸಹಾಯ ನಾನು ಕಂಡಿಲ್ಲ.

ನಿಮ್ಮ ಪತ್ರದಲ್ಲಿ ಅತ್ತೆಯವರ ಬಗ್ಗೆ ಒಂದೇ ಸಾಲು ಇದೆ. ನನ್ನ ಕಣ್ಣು ಅಲ್ಲಿಯೇ ನಿಂತಿತು. ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಕೇಳಿ ಸಂಗ್ರಹಿಸಿದ 77 ಜನಪದ ಕತೆಗಳು 1997ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದವು. ಇಂಥ ಕತೆಗಳ ಹುಟ್ಟುಮನೆ ಅಡುಗೆಮನೆ, ಮಕ್ಕಳಿಗೆ ತುತ್ತು ಇಡುತ್ತ ಅಜ್ಜಿಯರು, ಅತ್ತೆಯರು ಹೇಳಿದ್ದು ಎಂದು ಅವರು ಬರೆದಿದ್ದಾರೆ. ಅಂಥ ಒಬ್ಬರು ನಿಮ್ಮ ಮನೆಯಲ್ಲೇ ಇದ್ದಾರೆ. ‘ಅತ್ತೆ, ನೀವು ಚಿಕ್ಕವರಿದ್ದಾಗ ಕೇಳಿದ ಕತೆ ಹೇಳಿ’ ಎಂದರೆ ಮೊದಲು ‘ನಂಗೆಲ್ಲಿ ಬರುತ್ತಮ್ಮ’ ಎನ್ನಬಹುದು. ಕಾಗಕ್ಕ ಗುಬ್ಬಕ್ಕನಿಂದ ಶುರುಮಾಡಿಸಿ, ಅಲ್ಲಿಂದ ಮುಂದಕ್ಕೆ ತಾನಾಗಿ ಬರುತ್ತದೆ. ಅವರ ಅಮ್ಮ ಹೇಳಿದ ಒಗಟು, ತವರಿನ ಜಾತ್ರೆ, ಕೆರೆ ಕೋಡಿ ಬಿದ್ದ ವರ್ಷ ಎಲ್ಲವೂ ಕತೆಯೇ. ಮೊಮ್ಮಕ್ಕಳಿಗೆ ಹೇಳುತ್ತಿರುವಾಗ ಅವರನ್ನು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕುಕ್ಕರ್ ಕೂಗಲಿ, ಮಗ ಮಧ್ಯೆ ಬಾಯಿ ಹಾಕಲಿ, ಅಳಿಸಬೇಡಿ. ನೀವೂ ಒಂದೆರಡು ಪುಸ್ತಕ ಓದಿ ರೆಕಾರ್ಡ್ ಮಾಡಿ. ರೈಲು ತಡವಾದ ಸಂಜೆ ಮಕ್ಕಳು ಕೇಳಬೇಕಾದ ಆಡಿಯೊ ಅದು; ಯಾವ ನಟರ ದನಿಯೂ ಅದಕ್ಕೆ ಸಾಟಿಯಲ್ಲ.

ಆ ರೈಲಿನ ಹೊತ್ತನ್ನು ಮಾತ್ರ ನಿಮಗಾಗಿ ಇಟ್ಟುಕೊಳ್ಳಿ. ನಿಮಗೂ ಖುಷಿ ಸಿಗುವ ದಾರಿ ಕೇಳಿದಿರಲ್ಲ, ನನ್ನ ಉತ್ತರದ ತಿರುಳು ಇಲ್ಲಿದೆ: ಮಕ್ಕಳ ಪುಸ್ತಕಗಳನ್ನು ಮಕ್ಕಳಿಲ್ಲದಾಗ ಓದಿ. ದಿನವಿಡೀ ಕಂಪ್ಯೂಟರ್ ನೋಡಿದ ಕಣ್ಣಿಗೆ 400 ಪುಟದ ಕಾದಂಬರಿ ಹಿಡಿಯುವ ತಾಳ್ಮೆ ಇರುವುದಿಲ್ಲ, ಅದು ಸಹಜ. ಮಕ್ಕಳ ಕಾದಂಬರಿ ನೂರು ಪುಟದ ಆಸುಪಾಸಿನದು, ಎರಡು ಮೂರು ದಿನದ ಪ್ರಯಾಣದಲ್ಲಿ ಮುಗಿಯುತ್ತದೆ. ಮುಗಿಸಿದ ಸಮಾಧಾನವೂ ಸಿಗುತ್ತದೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಹಿಡಿಯಿರಿ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಕೃತಿ. ಮಕ್ಕಳಿಗೆಂದೇ ಬರೆದದ್ದು, ಆದರೆ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಳ್ಳುವುದು ಎಂದರೆ ಏನು ಎಂಬುದು ಬೆಳೆದವರಿಗೆ ಇನ್ನಷ್ಟು ಆಳವಾಗಿ ತಾಗುತ್ತದೆ. ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ಗೆ 2022ರಲ್ಲಿ, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ಗೆ 2023ರಲ್ಲಿ, ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’ ಪುಸ್ತಕಕ್ಕೆ 2024ರಲ್ಲಿ ಅದೇ ಪುರಸ್ಕಾರ ಬಂದಿದೆ. ಕನ್ನಡದಲ್ಲಿ ಮಕ್ಕಳಿಗೆ ಈಗ ಒಳ್ಳೆಯದು ಬರುತ್ತಿಲ್ಲ ಎನ್ನುವವರು ಈ ಮೂರನ್ನು ಓದಿಲ್ಲ ಎಂದೇ ನನ್ನ ಅನಿಸಿಕೆ. ಓದಲು ಬೆಳಕಿಲ್ಲದ, ನಿಲ್ಲಲೂ ಜಾಗವಿಲ್ಲದ ಗಾಡಿಯಾದರೆ ಆಡಿಯೊ ಕೇಳಿ. ಇಲ್ಲಿ ಇಯರ್‌ಫೋನ್ ಧಾರಾಳವಾಗಿ ಹಾಕಿಕೊಳ್ಳಬಹುದು.

ಹೀಗೆ ಮೊದಲೇ ಓದಿದ ಪುಸ್ತಕವನ್ನು ಮಗಳಿಗೆ ಓದುವಾಗ ನೀವೇ ಬೇರೆಯಾಗಿರುತ್ತೀರಿ. ಮುಂದೆ ಏನು ಬರುತ್ತದೆಂದು ನಿಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ; ಅವಳ ಮುಖ ಯಾವ ಸಾಲಿಗೆ ಬದಲಾಗುತ್ತದೆ ಎಂದು ಕಾಯುತ್ತೀರಿ. ಆ ಕುತೂಹಲಕ್ಕೆ ನಿದ್ದೆಯನ್ನು ದೂರ ಇಡುವ ಶಕ್ತಿ ಇದೆ. ‘ಇವತ್ತು ಟ್ರೇನಲ್ಲಿ ಒಂದು ಪುಸ್ತಕ ಓದ್ದೆ, ಅದರಲ್ಲೊಬ್ಬಳು ಹುಡುಗಿ…’ ಎಂದು ಊಟಕ್ಕೆ ಕೂತಾಗ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ. ಪುಸ್ತಕ ಎಲ್ಲಿದೆ ಎಂದು ಅವಳೇ ನಿಮ್ಮ ಬ್ಯಾಗ್ ತೆಗೆದು ನೋಡುವ ಸಂಭವವೇ ಹೆಚ್ಚು.

ಓದುತ್ತ ನಿದ್ದೆ ಹೋದರೆ ಹೋಗಿ. ಮಕ್ಕಳು ಅಲ್ಲಾಡಿಸಿ ಎಬ್ಬಿಸುತ್ತಾರೆ ಇಲ್ಲವೇ ತಾವೂ ಮಲಗುತ್ತಾರೆ, ಎರಡರಿಂದಲೂ ನಷ್ಟವಿಲ್ಲ.

ಇನ್ನು ನಿಮ್ಮನೆಯವರು. ಭಾವ ತುಂಬಿ ಓದಲು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಭಾವ ತುಂಬುವ ಅಗತ್ಯವೇ ಇಲ್ಲ. ಮಕ್ಕಳಿಗೆ ಬೇಕಾದದ್ದು ನಾಟಕದ ದನಿಯಲ್ಲ, ಪಕ್ಕದಲ್ಲಿ ಕೂತ ಅಪ್ಪ. ಚಪ್ಪಟೆಯಾದ ದನಿಯಲ್ಲಿ ಓದಿದರೂ ಕತೆ ಕತೆಯೇ. ಕತೆ ಓದುವುದೇ ಮುಜುಗರ ಎನಿಸಿದರೆ ಅವರಿಗೆ ಆಸಕ್ತಿ ಇರುವುದರಿಂದ ಶುರುಮಾಡಲಿ: ರೈಲು, ಹಾವು, ಗ್ರಹಗಳು, ಕ್ರಿಕೆಟ್, ಭೂಪಟ. ಮಾಹಿತಿ ಪುಸ್ತಕವೂ ಪುಸ್ತಕವೇ, ಅದನ್ನು ಸುದ್ದಿ ಓದುವ ದನಿಯಲ್ಲಿ ಓದಿದರೆ ಏನೂ ಕೊರತೆಯಾಗುವುದಿಲ್ಲ. ಎಷ್ಟೋ ಹುಡುಗರು ಓದಿಗೆ ಬರುವುದು ಇದೇ ಬಾಗಿಲಿನಿಂದ. ವಾರದಲ್ಲಿ ಯಾವ ಎರಡು ದಿನ ಅವರದ್ದು ಎಂದು ಇಬ್ಬರೂ ಕೂತು ನಿಗದಿ ಮಾಡಿಕೊಳ್ಳಿ, ಆ ದಿನ ನೀವು ಕೋಣೆಯಲ್ಲಿ ಇರಲೇಬೇಡಿ. ನೀವು ಇದ್ದರೆ ಎರಡನೇ ಪುಟಕ್ಕೆ ಪುಸ್ತಕ ಮತ್ತೆ ನಿಮ್ಮ ಕೈಗೆ ಬರುತ್ತದೆ.

ಪುಸ್ತಕಗಳಿಗೆ ತಿಂಗಳ ಸಂಬಳ ಸುರಿಯಬೇಕಿಲ್ಲ. ತುಮಕೂರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. ನಿಮ್ಮ ಅಥವಾ ಅತ್ತೆಯವರ ಊರು ಹಳ್ಳಿಯಾದರೆ ಅಲ್ಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ನೋಡಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ, ರಜೆಯಲ್ಲಿ ಮಗಳಿಗೆ ಅನುಕೂಲ. ಊರಿನ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಕೆಲಸ ನಿಮ್ಮನೆಯವರದ್ದಾಗಲಿ. ಪುಸ್ತಕ ಆರಿಸುವುದು ಮಕ್ಕಳೇ. ಕಳಪೆಯದನ್ನೂ ಒಂದೆರಡು ತರುತ್ತಾರೆ, ತರಲಿ, ಹಿಂದಿರುಗಿಸುವ ಪುಸ್ತಕವಲ್ಲವೇ. ಅವರು ಮೂವರೂ ಹೊರಗೆ ಹೋದ ಆ ಬೆಳಗಿನಲ್ಲಿ ನೀವು ಬಟ್ಟೆ ಮಡಚಲು ಕೂರಬೇಡಿ. ರೈಲಿನಲ್ಲಿ ಅರ್ಧಕ್ಕೆ ನಿಂತ ಪುಸ್ತಕ ಬ್ಯಾಗಿನಲ್ಲೇ ಇರುತ್ತದೆ, ಅದನ್ನು ಮುಗಿಸಿ.